ಮಣ್ಣುದಾರಿಗೆ ಹಳೇ ಆರ್‌ಎಕ್ಸ್ 100: ಮೊದಲು ಗಾಳಿ ಸೋರಿಕೆ, ಆಮೇಲೆ ಟೈರು

ಪ್ರಶ್ನೆ: ನಮ್ಮದು ಸೋಮವಾರಪೇಟೆ ಕಡೆ ಕಾಫಿ ತೋಟ. ಅಪ್ಪನ 1992ರ ಯಮಹಾ ಆರ್‌ಎಕ್ಸ್ 100 ಎಂಟು ವರ್ಷದಿಂದ ಗೋಡೌನಿನಲ್ಲಿ ನಿಂತಿದೆ. ಕಿಕ್ಕರ್ ಒತ್ತಿದರೆ ಅಲ್ಲಾಡುವುದೇ ಇಲ್ಲ. ಮನೆಯಲ್ಲೇ ಬಿಚ್ಚಿ ಸರಿಮಾಡಿ, ತೋಟದೊಳಗಿನ ಮಣ್ಣುದಾರಿಗೂ ಗುಡ್ಡದ ಜೀಪ್ ದಾರಿಗೂ ಆಗುವಂತೆ ಮಾಡಿಕೊಳ್ಳಬೇಕು. ಆರ್‌ಎಕ್ಸ್ 135ರ ದೊಡ್ಡ ಸಿಲಿಂಡರ್ ಬ್ಲಾಕ್, ಎಕ್ಸ್‌ಪ್ಯಾನ್ಷನ್ ಚೇಂಬರ್ (ನಡುವೆ ಉಬ್ಬಿದ ರೇಸಿಂಗ್) ಸೈಲೆನ್ಸರ್, ಗುಂಡಿ ಟೈರು (ದಪ್ಪ ಉಬ್ಬುಗಳಿರುವ ಟೈರು) ಹಾಕಿಸು, ಆಯಿಲ್ ಪಂಪ್ ಕಿತ್ತು ಪೆಟ್ರೋಲಿಗೇ ಆಯಿಲ್ ಬೆರೆಸು ಎಂದು ಸ್ನೇಹಿತರು ಹೇಳುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಸ್ನೇಹಿತರು ಹೇಳಿದ ನಾಲ್ಕರಲ್ಲಿ ಟೈರು ಒಂದನ್ನು ಒಪ್ಪಿಕೊಳ್ಳಿ. ಉಳಿದ ಮೂರನ್ನು ಬಿಡಿ. ಏಕೆ ಎಂಬುದು ಮುಂದೆ ಬರುತ್ತದೆ.

ಗಾಡಿಯ ಆಯ್ಕೆ ಒಳ್ಳೆಯದೇ. ತೂಕ ಸುಮಾರು 100 ಕೆ.ಜಿ., ಚಕ್ರ ಎರಡೂ 18 ಇಂಚು, ಒಳಬಂದ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯುವ ಎಲೆ ಕವಾಟ, ಅಂದರೆ ರೀಡ್ ವಾಲ್ವ್, ಇರುವುದರಿಂದ ಕೆಳಗಿನ ಆರ್‌ಪಿಎಂನಲ್ಲೂ ಎಳೆತವಿದೆ. ಕೆಸರಿನಲ್ಲಿ ಹೂತರೆ ಒಬ್ಬರೇ ಎತ್ತಿ ನಿಲ್ಲಿಸಬಹುದು. ಇಂಥ ಎಂಜಿನ್ ಹಾಳಾಗುವುದು ಹೆಚ್ಚಾಗಿ ಎರಡೇ ಕಾರಣಕ್ಕೆ: ಎಲ್ಲಿಂದಲೋ ಹೆಚ್ಚುವರಿ ಗಾಳಿ ಎಳೆದುಕೊಂಡು, ಇಲ್ಲವೇ ಆಯಿಲ್ ಸಾಲದೆ. ಕೊಡಗಿನ ಇಳಿಜಾರುಗಳಲ್ಲಿ ಎರಡನೆಯದು ಇನ್ನೂ ಸುಲಭ. ಆದ್ದರಿಂದ ಎಂಜಿನ್ ಗಾಳಿ ಬಿಗಿಯಾಗುವವರೆಗೆ ಹೊರಗಿನ ಯಾವ ಅಲಂಕಾರಕ್ಕೂ ದುಡ್ಡು ಹಾಕಬೇಡಿ.

ಹಿಡಿದ ಪಿಸ್ಟನ್ ಬಿಡಿಸುವುದು

ಕಿಕ್ಕರ್ ಮೇಲೆ ಹತ್ತಿ ಕುಣಿಯಬೇಡಿ, ಗೇರ್ ಹಾಕಿ ತಳ್ಳಲೂ ಬೇಡಿ. ತುಕ್ಕು ಹಿಡಿದ ರಿಂಗ್ ಪೋರ್ಟಿನ (ಸಿಲಿಂಡರ್ ಗೋಡೆಯ ಕಿಂಡಿಯ) ಅಂಚಿಗೆ ಸಿಕ್ಕಿ ಮುರಿದರೆ ಚೂರು ಕ್ರ್ಯಾಂಕ್‌ಕೇಸಿಗೆ ಬೀಳುತ್ತದೆ. ಬರೀ ಬೋರಿಂಗ್‌ನಲ್ಲಿ (ಸಿಲಿಂಡರಿನ ಒಳಗೋಡೆ ಕೊರೆಸುವುದರಲ್ಲಿ) ಮುಗಿಯಬೇಕಾದ ಕೆಲಸ ಆಗ ಎಂಜಿನ್ ಪೂರ್ತಿ ಬಿಚ್ಚುವವರೆಗೆ ಹೋಗುತ್ತದೆ. ಪ್ಲಗ್ ತೆಗೆದು, ಡೀಸೆಲ್ ಮತ್ತು 2ಟಿ (ಟು-ಸ್ಟ್ರೋಕ್ ಎಂಜಿನ್) ಆಯಿಲ್ ಸಮಸಮ ಬೆರೆಸಿ ಸುಮಾರು 50 ಮಿ.ಲೀ. ಸುರಿದು ಮೂರು ದಿನ ಬಿಡಿ. ಆಮೇಲೆ ಹೆಡ್ ಬಿಚ್ಚಿ ನೋಡಿ. ಪಿಸ್ಟನ್ ನಡುವೆ ಎಲ್ಲೋ ನಿಂತಿದ್ದರೆ ತಲೆಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಹದವಾಗಿ ತಟ್ಟಿ. ಕದಲದಿದ್ದರೆ ಮತ್ತೆ ಎರಡು ದಿನ ನೆನೆಯಲಿ. ಅವಸರ ಮಾಡಿದವರಿಗೇ ಖರ್ಚು ಹೆಚ್ಚು.

ಬ್ಲಾಕ್ ಹೊರಬಂದ ಮೇಲೆ ಕನೆಕ್ಟಿಂಗ್ ರಾಡ್ ಪರೀಕ್ಷೆ. ರಾಡನ್ನು ನೇರ ಮೇಲಕ್ಕೆ ಎಳೆದು ಕೆಳಕ್ಕೆ ಒತ್ತಿ. ಆ ದಿಕ್ಕಿನಲ್ಲಿ ಟಕ್ ಟಕ್ ಎಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ. ಅಡ್ಡಡ್ಡ ಅಲ್ಲಾಡಿಸಿದಾಗ ಮೇಲಿನ ತುದಿ 1 ಮಿ.ಮೀ.ವರೆಗೆ ಆಡಿದರೆ ಚಿಂತೆಯಿಲ್ಲ, 2 ಮಿ.ಮೀ. ದಾಟಿದರೆ ರಾಡ್ ಕಿಟ್ ಬೇಕು. ಎಂಟು ವರ್ಷ ನಿಂತ ಗಾಡಿಯಲ್ಲಿ ಸವೆತಕ್ಕಿಂತ ತುಕ್ಕಿನ ಭಯ ಹೆಚ್ಚು. ಬಿಗ್ ಎಂಡ್ ಬೇರಿಂಗಿಗೆ ಆಯಿಲ್ ಬಿಟ್ಟು ನಿಧಾನ ತಿರುಗಿಸಿ. ಕೈಗೆ ಮರಳು ಅರೆದಂತೆ ಸಿಕ್ಕಿದರೆ ಹಾಗೇ ಮುಚ್ಚಬೇಡಿ.

ಕ್ರ್ಯಾಂಕ್ ಬಿಡಿಸಿ ಹೊಸ ಪಿನ್ ಒತ್ತುವುದು ಮನೆಯಲ್ಲಿ ಆಗುವ ಕೆಲಸವಲ್ಲ. ಪ್ರೆಸ್ ಮತ್ತು ಡಯಲ್ ಗೇಜ್ ಇಟ್ಟುಕೊಂಡ ಕಡೆಗೆ ಕೊಡಿ. ಮೈಸೂರಿನಲ್ಲಿ ವಿಚಾರಿಸುವುದು ಒಳ್ಳೆಯದು. ಜಾವಾ ಮತ್ತು ಯೆಜ್ಡಿ ಗಾಡಿಗಳು 1961ರಿಂದ 1996ರವರೆಗೆ ತಯಾರಾದ ಊರು ಅದು, ಟು-ಸ್ಟ್ರೋಕ್ ಕ್ರ್ಯಾಂಕ್ ಅಲ್ಲಿ ಹೊಸ ವಿಷಯವಲ್ಲ. ಕೆಲಸ ವಾಪಸ್ ತರುವಾಗ ಶಾಫ್ಟಿನ ಓಟ (ತಿರುಗುವಾಗಿನ ಓರೆ) 0.03 ಮಿ.ಮೀ. ಒಳಗಿದೆಯೇ ಎಂದು ನಿಮ್ಮ ಕಣ್ಣೆದುರೇ ಡಯಲ್ ಇಟ್ಟು ತೋರಿಸಲು ಹೇಳಿ. ಕ್ರ್ಯಾಂಕ್ ಬೇರಿಂಗ್ ಕೊಳ್ಳುವಾಗ ಹಳೆಯದರ ಮೇಲಿನ ನಂಬರಿನ ಜೊತೆ ಸಿ3, ಸಿ4 ಎಂಬ ಗುರುತೂ ಹೊಂದಬೇಕು. ಅದು ಒಳಗಿನ ಸಡಿಲಿನ ಅಳತೆ. ಸಾಮಾನ್ಯ ಬೇರಿಂಗ್ ಹಾಕಿದರೆ ಎಂಜಿನ್ ಕಾದಾಗ ಬಿಗಿಯಾಗುತ್ತದೆ.

ಬೋರ್, ಪಿಸ್ಟನ್, ರಿಂಗ್

ಮೂಲ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಕೂಡ 50. ಸಾಮಾನ್ಯವಾಗಿ ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಹೆಜ್ಜೆಯಲ್ಲಿ ಬರುತ್ತವೆ. ಪಿಸ್ಟನ್ ಮೊದಲು ಕೊಳ್ಳಿ, ಅದನ್ನು ಲೇತಿನವರ ಕೈಗೆ ಕೊಟ್ಟು ಅದರ ಅಳತೆಗೇ ಬೋರ್ ಮಾಡಿಸಿ. ಪೆಟ್ಟಿಗೆಯ ಮೇಲೆ ಬರೆದ ಸೈಜನ್ನಷ್ಟೇ ನಂಬಿ ಮೊದಲೇ ಬೋರ್ ಮಾಡಿಸುವುದು ತಪ್ಪು. ಪಿಸ್ಟನ್ ಅಳೆಯುವುದು ಪಿನ್ನಿಗೆ ಅಡ್ಡವಾಗಿ, ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ. ಪಿಸ್ಟನ್ನಿಗೂ ಬೋರಿಗೂ ನಡುವಿನ ಗ್ಯಾಪ್ ತಯಾರಕರು ನಮೂದಿಸಿದ್ದರೆ ಅದೇ ಇರಲಿ. ಇಲ್ಲದಿದ್ದರೆ 0.04ರಿಂದ 0.05 ಮಿ.ಮೀ. ಇಡಿಸಿ. ರಿಂಗನ್ನು ಬ್ಲಾಕಿನೊಳಗೆ ಇಳಿಸಿ ಪಿಸ್ಟನ್ ತಲೆಯಿಂದ ಸಮವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ: 0.15ರಿಂದ 0.35 ಮಿ.ಮೀ.

ಬೋರ್ ಆದ ಮೇಲೆ ಪೋರ್ಟಿನ ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಬೆರಳಾಡಿಸಿದರೆ ಕೊಯ್ಯುವಷ್ಟು. ಸಣ್ಣ ಎಣ್ಣೆಕಲ್ಲು ಅಥವಾ 400 ನಂಬರಿನ ಎಮರಿ ಕಾಗದದಿಂದ ಪ್ರತಿ ಪೋರ್ಟಿನ ಮೇಲಂಚು, ಕೆಳಂಚನ್ನು ಅರ್ಧ ಮಿ.ಮೀ.ನಷ್ಟು ಉರುಟು ಮಾಡಿ. ಲೇತಿನಲ್ಲಿ ಈ ಕೆಲಸ ಮಾಡಿಕೊಟ್ಟಿದ್ದಾರೆ ಎಂದು ಊಹಿಸಿಕೊಳ್ಳಬೇಡಿ, ಬೆರಳಿಟ್ಟು ನೋಡಿ. ಹೊಸ ರಿಂಗು ಮೊದಲ 50 ಕಿ.ಮೀ.ಯಲ್ಲೇ ಮುರಿಯಲು ಇದೊಂದೇ ಸಾಕು. ಆಮೇಲೆ ಬ್ಲಾಕನ್ನು ಬಿಸಿನೀರು, ಸೋಪಿನಲ್ಲಿ ಉಜ್ಜಿ ತೊಳೆದು ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಹೋನಿಂಗ್ ಪುಡಿ ಇನ್ನೂ ಇದೆ ಎಂದೇ ಅರ್ಥ. ಪೆಟ್ರೋಲಿನಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಒಣಗಿದ ಕೂಡಲೇ ಆಯಿಲ್ ಸವರಿ, ಇಲ್ಲದಿದ್ದರೆ ನಮ್ಮ ಮಳೆಗಾಲದ ಗಾಳಿಗೆ ಒಂದೇ ರಾತ್ರಿಯಲ್ಲಿ ಕೆಂಪು ತುಕ್ಕು ಬರುತ್ತದೆ.

ಜೋಡಿಸುವಾಗ ಪಿಸ್ಟನ್ ತಲೆಯ ಮೇಲಿನ ಬಾಣ ಸೈಲೆನ್ಸರ್ ಕಡೆಗೆ, ರಿಂಗಿನ ಅಕ್ಷರ ಮೇಲಕ್ಕೆ, ರಿಂಗಿನ ಬಾಯಿ ಅದರ ಗೂಟದ ಮೇಲೆ. ಪಿನ್ ಲಾಕ್ ಎರಡೂ ಹೊಸದು, ಬಾಯಿ ನೇರ ಕೆಳಕ್ಕೆ.

ಬಿಪಿ ಯಂತ್ರದಿಂದ ಸೋರಿಕೆ ಪರೀಕ್ಷೆ

ಟು-ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಒಂದು ಪಂಪು. ಮ್ಯಾಗ್ನೆಟ್ ಕಡೆಯ ಆಯಿಲ್ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಬರುತ್ತದೆ. ಮಿಶ್ರಣ ತೆಳುವಾಗುತ್ತದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ), ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತಲೇ ಇರುತ್ತದೆ, ಏರುದಾರಿಯಲ್ಲಿ ಪಿಸ್ಟನ್ ಹಿಡಿಯುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಸಿಲಿಂಡರಿಗೆ ಹೋಗಿ ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಬಾಕ್ಸಿನ ಮಟ್ಟ ಇಳಿಯುತ್ತಾ ಹೋಗುತ್ತದೆ. ಎಂಟು ವರ್ಷ ನಿಂತ ಗಾಡಿಗೆ ಎರಡೂ ಸೀಲ್ ಹೇಗೂ ಹೊಸದು ಹಾಕಿ. ಹಾಕಿದ್ದು ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಈ ಪರೀಕ್ಷೆ.

ಮನೆಯಲ್ಲಿರುವ ಮುಳ್ಳಿನ ಬಿಪಿ ಯಂತ್ರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅದರ ಡಯಲಿನ 300 ಎಂದರೆ ಸುಮಾರು 5.8 ಪಿಎಸ್‌ಐ, ನಮಗೆ ಬೇಕಾದಷ್ಟೇ ಒತ್ತಡ. ಹಳೇ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ 6 ಮಿ.ಮೀ. ತಾಮ್ರದ ಕೊಳವೆ ಬ್ರೇಜಿಂಗ್ ಮಾಡಿಸಿ. ಅದನ್ನು ಪ್ಲಗ್ ಜಾಗಕ್ಕೆ ಹಾಕಿ, ಬಿಪಿ ಯಂತ್ರದ ರಬ್ಬರ್ ಬಲ್ಬು ಮತ್ತು ಡಯಲನ್ನು ಒಂದು ಟಿ ಜೋಡಣೆಯಿಂದ ಅದಕ್ಕೆ ಸೇರಿಸಿ. ಸೈಲೆನ್ಸರ್ ಬಾಯಿಗೆ ಲಾರಿ ಟ್ಯೂಬಿನ ರಬ್ಬರ್ ತುಂಡು, ಅದರ ಮೇಲೆ 3 ಮಿ.ಮೀ. ತಗಡು ಕೊಟ್ಟು ಬಿಗಿಯಿರಿ. ಕಾರ್ಬ್ಯುರೇಟರ್ ತೆಗೆದು ಮ್ಯಾನಿಫೋಲ್ಡಿಗೂ ಹಾಗೆಯೇ. ಆಯಿಲ್ ಪೈಪ್ ಬಂದು ಸೇರುವ ತೂತು ಮರೆಯಬೇಡಿ. ಪಿಸ್ಟನ್ ಪೂರ್ತಿ ಕೆಳಗಿರಲಿ, ಆಗ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದೇ ಕೋಣೆ.

ಮುಳ್ಳು 300ಕ್ಕೆ ಬರುವವರೆಗೆ ಬಲ್ಬು ಒತ್ತಿ ಗಡಿಯಾರ ನೋಡಿ. ಐದು ನಿಮಿಷದಲ್ಲಿ 250ಕ್ಕಿಂತ ಕೆಳಗೆ ಇಳಿಯದಿದ್ದರೆ ಎಂಜಿನ್ ಸುಭದ್ರ. ಸರ್ರನೆ ಇಳಿದರೆ ಸೋಪಿನ ನೊರೆ ಹಚ್ಚಿ ಹುಡುಕಿ: ಬ್ಲಾಕಿನ ಬುಡದ ಪ್ಯಾಕಿಂಗ್, ಹೆಡ್, ಕೇಸಿನ ನಡುವಿನ ಜೋಡಣೆ, ಮ್ಯಾಗ್ನೆಟ್ ಬಿಚ್ಚಿ ಅದರ ಹಿಂದಿನ ಸೀಲ್. ಕ್ಲಚ್ ಕಡೆಯ ಸೀಲ್ ಹೊರಗೆ ಕಾಣದು. ಗೇರ್ ಆಯಿಲ್ ಹಾಕುವ ಬಾಯಿಗೆ ನೊರೆ ಪದರ ಎಳೆದು ನೋಡಿ, ಅದು ಗುಳ್ಳೆಯಾಗಿ ಉಬ್ಬಿದರೆ ಸೋರುವುದು ಅಲ್ಲೇ. ಅರ್ಧ ಗಂಟೆಯ ಕೆಲಸ. ಇದನ್ನು ಬಿಟ್ಟು ಕಾರ್ಬ್ಯುರೇಟರ್ ಟ್ಯೂನ್ ಮಾಡುತ್ತಾ ಕೂತವರು ವಾರಗಟ್ಟಲೆ ಕಳೆದುಕೊಳ್ಳುತ್ತಾರೆ.

ಮ್ಯಾಗ್ನೆಟ್ ತೆಗೆಯಲು ಅದರದೇ ಪುಲ್ಲರ್ ಬೇಕು, ಸುತ್ತಿಗೆ ಮುಟ್ಟಿಸಬೇಡಿ. ಸ್ಟೇಟರ್ ಪ್ಲೇಟ್ ಬಿಚ್ಚುವ ಮೊದಲು ಪ್ಲೇಟಿಗೂ ಕೇಸಿಗೂ ಒಂದೇ ಗೆರೆ ಗೀಚಿಡಿ. ಟೈಮಿಂಗ್ ತಪ್ಪದಿರಲು ಅಷ್ಟು ಸಾಕು.

ರೀಡ್ ವಾಲ್ವನ್ನು ಬೆಳಕಿಗೆ ಹಿಡಿದು ನೋಡಿ. ಎಲೆ ಕೂತಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ಸಂದು ಕಂಡರೆ ಬದಲಿಸಿ. ತಿರುಗಿಸಿ ಹಾಕುವ ಉಪಾಯ ಬೇಡ. ಅದರ ಸ್ಕ್ರೂಗಳಿಗೆ ಥ್ರೆಡ್ ಲಾಕ್ ಒಂದೊಂದು ಹನಿ ಹಾಕಿ. ಕಳಚಿಕೊಂಡ ಸ್ಕ್ರೂ ಬೀಳುವ ಜಾಗ ಕ್ರ್ಯಾಂಕ್‌ಕೇಸೇ.

ಆಯಿಲ್ ಪಂಪ್ ಏಕೆ ಕೀಳಬಾರದು

ಮಡಿಕೇರಿಯಿಂದ ಸಂಪಾಜೆ ಕಡೆಗೆ ಅಥವಾ ವಿರಾಜಪೇಟೆಯಿಂದ ಮಾಕುಟ್ಟ ಘಾಟಿಯಲ್ಲಿ ಇಳಿಯುವುದನ್ನು ನೆನೆಸಿಕೊಳ್ಳಿ. ಮೂರನೇ ಗೇರು, ಆಕ್ಸಿಲೇಟರ್ ಪೂರ್ತಿ ಬಿಟ್ಟಿದೆ, ಗಾಡಿಯ ಭಾರವೇ ಎಂಜಿನನ್ನು ತಿರುಗಿಸುತ್ತಿದೆ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಪೆಟ್ರೋಲಿನ ಜೊತೆಗೇ ಬರಬೇಕು. ಆಕ್ಸಿಲೇಟರ್ ಮುಚ್ಚಿದಾಗ ಪೆಟ್ರೋಲೇ ಇಲ್ಲ ಎಂದರೆ ಆಯಿಲೂ ಇಲ್ಲ, ಪಿಸ್ಟನ್ ಮಾತ್ರ ಅಷ್ಟೇ ವೇಗದಲ್ಲಿ ಓಡುತ್ತಿರುತ್ತದೆ. ಆಟೋಲ್ಯೂಬ್ ಪಂಪ್ (ಯಮಹಾದ ಈ ಆಯಿಲ್ ಪಂಪಿನ ಹೆಸರು) ಎಂಜಿನಿನ ತಿರುಗುವಿಕೆಯಿಂದ ನಡೆಯುವುದರಿಂದ ಆಕ್ಸಿಲೇಟರ್ ಮುಚ್ಚಿದ್ದರೂ ಕನಿಷ್ಠ ಪ್ರಮಾಣ ಬಿಡುತ್ತಲೇ ಇರುತ್ತದೆ. ಮೈದಾನದಲ್ಲಿ ಓಡಿಸುವವರಿಗೆ ಪಂಪ್ ತೆಗೆದರೂ ನಡೆದೀತು, ಘಾಟಿಯವರಿಗೆ ಅದು ಜೀವಾಳ.

ಪಂಪಿನ ಪೈಪುಗಳು ಹಳದಿಯಾಗಿ ಗಟ್ಟಿಯಾಗಿದ್ದರೆ ಬದಲಿಸಿ. ಆಯಿಲ್ ಟ್ಯಾಂಕ್ ತೊಳೆದು ಜಾಸೊ (ಜಪಾನಿನ ಆಯಿಲ್ ಮಾನದಂಡ) ಎಫ್‌ಸಿ ಅಥವಾ ಎಫ್‌ಡಿ ದರ್ಜೆಯ 2ಟಿ ಆಯಿಲ್ ತುಂಬಿ. ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ, ಗುಳ್ಳೆಯಿಲ್ಲದ ಆಯಿಲ್ ಬರುವವರೆಗೆ ಹರಿಯಲು ಬಿಡಿ. ಪಂಪ್ ಕೇಬಲಿನ ಗುರುತನ್ನು ಹೊಂದಿಸುವಾಗ ಆಕ್ಸಿಲೇಟರ್ ಕೇಬಲಿನ ಸಡಿಲು ಮೊದಲೇ ಸರಿಯಾಗಿರಲಿ, ಏಕೆಂದರೆ ಎರಡೂ ಒಂದೇ ಹಿಡಿಯಿಂದ ಎಳೆಯಲ್ಪಡುತ್ತವೆ. ಮೊದಲ ಟ್ಯಾಂಕಿಗೆ ಮಾತ್ರ ಪೆಟ್ರೋಲಿನಲ್ಲೂ ಲೀಟರಿಗೆ 20 ಮಿ.ಲೀ. ಬೆರೆಸಿ. ಪಂಪ್ ಕೆಲಸ ಮಾಡುತ್ತಿದೆ ಎಂಬುದು ಆಯಿಲ್ ಟ್ಯಾಂಕಿನ ಮಟ್ಟ ಇಳಿಯುವುದರಿಂದಲೇ ಗೊತ್ತಾಗುತ್ತದೆ, ಅದಕ್ಕೆ ಗೆರೆ ಹಾಕಿಡಿ. ಗೇರ್ ಬಾಕ್ಸಿಗೆ ಸುಮಾರು 650 ಮಿ.ಲೀ. ಆಯಿಲ್ ಸಾಕು.

ಪಂಪ್ ಈಗಾಗಲೇ ಯಾರೋ ಕಿತ್ತುಬಿಟ್ಟಿದ್ದರೆ ಲೀಟರಿಗೆ 25 ಮಿ.ಲೀ. ಬೆರೆಸಿ. ಇಳಿಜಾರಿನಲ್ಲಿ ಆಗಾಗ ಕ್ಲಚ್ ಹಿಡಿದು ಆಕ್ಸಿಲೇಟರ್ ಒಂದು ಸಲ ತಿರುಗಿಸಿ ಬಿಡುವುದನ್ನು ರೂಢಿ ಮಾಡಿಕೊಳ್ಳಿ.

ಪೆಟ್ರೋಲ್ ಟ್ಯಾಂಕ್, ಜೆಟ್, ಎತ್ತರ

ಟ್ಯಾಂಕಿನ ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಲೀಟರ್ ಬಿಸಿನೀರಿಗೆ 100 ಗ್ರಾಂ ಹಾಕಿ ಬಾಯಿಮಟ್ಟ ತುಂಬಿ ಒಂದು ರಾತ್ರಿ ಇಡಿ. ಟ್ಯಾಪ್ ತೆಗೆದು ಆ ತೂತನ್ನು ಮೊದಲೇ ಮುಚ್ಚಿರಬೇಕು. ಸುರಿದ ಮೇಲೆ ಅಡುಗೆ ಸೋಡಾದ ನೀರಿನಲ್ಲಿ ಜಾಲಿಸಿ, ಬಿಸಿಲಿದ್ದರೆ ಕಾಫಿ ಕಣದ ಮೇಲೆ ಬಾಯಿ ತೆರೆದು ಒಣಗಿಸಿ, ಕೂಡಲೇ ಸ್ವಲ್ಪ 2ಟಿ ಆಯಿಲ್ ಹಾಕಿ ಎಲ್ಲ ಬದಿಗೂ ಹೊರಳಿಸಿ.

ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತು) ವಿಷಯದಲ್ಲಿ ಒಂದು ಲೆಕ್ಕ ತಿಳಿದಿರಲಿ. ಮಡಿಕೇರಿಯ ಎತ್ತರ ಸುಮಾರು 1,150 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು 10 ಶೇಕಡಾ ಕಡಿಮೆ, ಅದರಿಂದ ಕಾರ್ಬ್ಯುರೇಟರಿನ ಮಿಶ್ರಣ 5–6 ಶೇಕಡಾ ದಪ್ಪವಾಗುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್, ಅದು ಮಿಶ್ರಣವನ್ನು 7–8 ಶೇಕಡಾ ತೆಳು ಮಾಡುತ್ತದೆ. ಅಂದರೆ ನಿಮ್ಮ ಎತ್ತರದಲ್ಲಿ ಒಂದನ್ನೊಂದು ಹೆಚ್ಚುಕಡಿಮೆ ಸರಿದೂಗಿಸುತ್ತವೆ. ಮೂಲ ಮೇನ್ ಜೆಟ್ ಇಟ್ಟುಕೊಂಡು ಸೂಜಿಯ ಕ್ಲಿಪ್ ನಡುವಿನ ಗೀರಿನಲ್ಲಿ ಹಾಕಿ ಶುರುಮಾಡಿ. ಆದರೆ ಅದೇ ಗಾಡಿಯನ್ನು ಸುಳ್ಯ, ಮಂಗಳೂರಿಗೆ ಇಳಿಸಿದರೆ ಎತ್ತರದ ಲಾಭ ಹೋಗಿ ಎಥನಾಲಿನ ತೆಳುತನ ಮಾತ್ರ ಉಳಿಯುತ್ತದೆ. ಆ ಕಡೆ ಓಡಾಟವಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದಿರಲಿ, ಮೇಲೆ ಸ್ವಲ್ಪ ಹೊಗೆ ಬಂದರೂ ಪರವಾಗಿಲ್ಲ. ದಪ್ಪ ಮಿಶ್ರಣದಿಂದ ಪ್ಲಗ್ ಕಪ್ಪಾಗುತ್ತದೆ, ತೆಳು ಮಿಶ್ರಣದಿಂದ ಪಿಸ್ಟನ್ ತೂತಾಗುತ್ತದೆ.

ಪ್ಲಗ್ ಕೊಳ್ಳುವಾಗ ಥ್ರೆಡ್ ಇರುವ ಭಾಗದ ಉದ್ದ 12.7 ಮಿ.ಮೀ. ಇರುವುದನ್ನೇ ನೋಡಿ, ಉದ್ದದ್ದು ಪಿಸ್ಟನ್ನಿಗೆ ತಾಗುತ್ತದೆ.

ಏರ್ ಫಿಲ್ಟರ್ ಪೆಟ್ಟಿಗೆ ಕಿತ್ತು ಕೋನ್ ಫಿಲ್ಟರ್ ಹಾಕುವ ಚಾಳಿ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ನೀರನ್ನೇ ಕುಡಿಯುತ್ತದೆ. ಮೂಲ ಪೆಟ್ಟಿಗೆಯ ಅಂಚಿಗೆ ಗ್ರೀಸ್ ಸವರಿ ಮುಚ್ಚಿ. ಫೋಮನ್ನು ಸೀಮೆಎಣ್ಣೆಯಲ್ಲಿ, ನಂತರ ಸೋಪಿನಲ್ಲಿ ತೊಳೆದು ಒಣಗಿಸಿ, ಆಯಿಲ್‌ನಲ್ಲಿ ಅದ್ದಿ ಹಿಂಡಿ ಹಾಕಿ.

ಇನ್ನು ಮಾರ್ಪಾಡು

135 ಬ್ಲಾಕ್ ಹಾಕಿದರೆ ಗಾಡಿಯ ಸಾಮರ್ಥ್ಯ ಆರ್‌ಸಿಯಲ್ಲಿ ಇರುವುದಕ್ಕೆ ತಾಳೆಯಾಗದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರ ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಅಪಘಾತವಾದರೆ ವಿಮೆಯ ಮಾತು ಅಲ್ಲೇ ಕೆಡುತ್ತದೆ. 15 ವರ್ಷ ದಾಟಿದ ಗಾಡಿಯಾದ್ದರಿಂದ ಆರ್‌ಸಿ ನವೀಕರಣಕ್ಕೆ ಮಡಿಕೇರಿ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಫ್ರೇಮ್ ಕತ್ತರಿಸುವುದು, ವೆಲ್ಡಿಂಗ್ ಮಾಡುವುದು ಪೂರ್ತಿ ಬಿಡಿ. ಬೋಲ್ಟ್ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಕೆಲಸಗಳನ್ನಷ್ಟೇ ಆರಿಸಿಕೊಳ್ಳಿ.

ಎಕ್ಸ್‌ಪ್ಯಾನ್ಷನ್ ಚೇಂಬರ್ ಶಕ್ತಿಯನ್ನು ಮೇಲಿನ ಆರ್‌ಪಿಎಂಗೆ ತಳ್ಳುತ್ತದೆ. ಜಾರುವ ಏರಿನಲ್ಲಿ ನಿಮಗೆ ಬೇಕಾಗಿರುವುದು ಕೆಳಗಿನ ಎಳೆತ. ಸದ್ದಿನ ಮಾತೂ ಇದೆ. ಸಿದ್ದಾಪುರದಂಥ ಕಡೆ ತೋಟದೊಳಗೇ ಆನೆ ನಿಂತಿರುತ್ತದೆ, ಅದರ ಪಕ್ಕ ಕಿವಿ ಸೀಳುವ ಸೈಲೆನ್ಸರ್ ಒಯ್ಯುವುದು ಆನೆಗೂ ಸವಾರರಿಗೂ ತೋಟದ ಕೆಲಸದವರಿಗೂ ಒಳ್ಳೆಯದಲ್ಲ. ಇರುವ ಸೈಲೆನ್ಸರಿನ ಬ್ಯಾಫಲ್ ತೆಗೆದು ಕರಿ ಕೆರೆದು, ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯಿರಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇಬೇಕು. ಆ ನೀರಿಗೆ ಅಲ್ಯುಮಿನಿಯಂ ಭಾಗ ಯಾವುದನ್ನೂ ಹಾಕಬೇಡಿ, ಕರಗಿಹೋಗುತ್ತದೆ.

ಹಣ ಹಾಕುವುದಿದ್ದರೆ ಮೊದಲು ಗೇರಿಂಗಿಗೆ ಹಾಕಿ. ಮುಂದಿನ ಸ್ಪ್ರಾಕೆಟಿನ ಹಲ್ಲು ಎಣಿಸಿ ಒಂದು ಕಡಿಮೆಯದು ತನ್ನಿ. 14 ಇದ್ದದ್ದು 13 ಆದರೆ ಚಕ್ರಕ್ಕೆ ಸುಮಾರು 8 ಶೇಕಡಾ ಹೆಚ್ಚು ಎಳೆತ. ಮುಂದಿನ ಒಂದು ಹಲ್ಲು ಹಿಂದಿನ ಹೆಚ್ಚುಕಡಿಮೆ ಮೂರಕ್ಕೆ ಸಮ. ಇಷ್ಟು ಸಾಲದಿದ್ದರೆ ಮಾತ್ರ ಹಿಂದೆ ಎರಡು ಮೂರು ಹಲ್ಲು ಹೆಚ್ಚಿಸಿ. ಮುಂದೆ 12ಕ್ಕೆ ಇಳಿದರೆ ಚೈನು ತೀರಾ ಸಣ್ಣ ವೃತ್ತದಲ್ಲಿ ತಿರುಗಿ ಬೇಗ ಸವೆಯುತ್ತದೆ.

ಟೈರು ಹಿಂದೆ 3.00-18, ಮುಂದೆ 2.75-18 ಗುಂಡಿಯದು ಸಾಕು. ಹಾಕಿದ ಮೇಲೆ ಸ್ವಿಂಗ್ ಆರ್ಮಿಗೂ ಟೈರಿಗೂ ಎರಡೂ ಬದಿ ಒಂದು ಬೆರಳು ತೂರುವಷ್ಟು ಜಾಗ ಇರಬೇಕು, ನಮ್ಮ ಕೆಂಪು ಜೇಡಿ ಅಂಟಿಕೊಳ್ಳುವುದು ಅಲ್ಲೇ. ಮುಂದಿನ ಮಡ್‌ಗಾರ್ಡ್ ಒಳಗೂ ಅದೇ ಕಥೆ. ಆದರೆ ಅದನ್ನು ಕಿತ್ತು ಮೇಲೆತ್ತುವ ಮೊದಲು ಯೋಚಿಸಿ: ಮೂಲ ಮಡ್‌ಗಾರ್ಡಿನ ಕಬ್ಬಿಣದ ಕಮಾನು ಎರಡು ಫೋರ್ಕನ್ನು ಒಟ್ಟಿಗೆ ಹಿಡಿದಿರುತ್ತದೆ. ಅದು ಹೋದರೆ ಗುಂಡಿಯಲ್ಲಿ ಹ್ಯಾಂಡಲ್ ತಿರುಚುತ್ತದೆ. ಮೇಲೆತ್ತುವುದಾದರೆ ಆ ಕಮಾನನ್ನು ಅಲ್ಲೇ ಉಳಿಸಿ, ಪ್ಲಾಸ್ಟಿಕ್ ಮಡ್‌ಗಾರ್ಡನ್ನು ಮಾತ್ರ ಮೇಲೆ ಕಟ್ಟಿ.

ಹಿಂದಿನ ಶಾಕ್ ಅಬ್ಸಾರ್ಬರ್ 20–25 ಮಿ.ಮೀ. ಉದ್ದದ್ದು ಹಾಕಬಹುದು, ಅದಕ್ಕಿಂತ ಹೆಚ್ಚು ಬೇಡ. ಚೈನು ಸ್ವಿಂಗ್ ಆರ್ಮ್ ಬುಡಕ್ಕೆ ಉಜ್ಜಲು ಶುರುವಾಗುತ್ತದೆ, ಸ್ಟ್ಯಾಂಡ್ ನೆಲ ಮುಟ್ಟುವುದಿಲ್ಲ. ಚೈನಿನ ಸಡಿಲನ್ನು ಹಿಂದಿನ ಅಚ್ಚು, ಸ್ವಿಂಗ್ ಆರ್ಮ್ ಬೋಲ್ಟ್, ಮುಂದಿನ ಸ್ಪ್ರಾಕೆಟ್ ಮೂರೂ ಒಂದೇ ಗೆರೆಗೆ ಬಂದಾಗ ನೋಡಿ, ಚೈನು ಅತಿ ಬಿಗಿಯಾಗುವುದು ಆ ಸ್ಥಿತಿಯಲ್ಲೇ. ಇಬ್ಬರನ್ನು ಸೀಟಿನ ಮೇಲೆ ಕೂರಿಸಿದರೆ ಆ ಗೆರೆ ಬರುತ್ತದೆ. ಎಂಜಿನಿನ ಹೊಟ್ಟೆಗೆ 3 ಮಿ.ಮೀ. ಅಲ್ಯುಮಿನಿಯಂ ತಗಡು, ಕೇಸಿನಿಂದ 10 ಮಿ.ಮೀ. ದೂರದಲ್ಲಿ, ಕೆಸರು ಇಳಿಯಲು ನಾಲ್ಕು ತೂತು ಕೊರೆದು.

ಬ್ರೇಕ್ ಡ್ರಮ್ಮಿನ ಹಳೇ ಧೂಳನ್ನು ಊದಬೇಡಿ, ಹಳೇ ಶೂಗಳಲ್ಲಿ ಕಲ್ನಾರು ಇರಬಹುದು. ನೀರಿನಲ್ಲಿ ತೊಳೆದು ತೆಗೆಯಿರಿ. ತೊರೆ ದಾಟಿದ ಕೂಡಲೇ ಬ್ರೇಕ್ ಹಗುರ ಹಿಡಿದು ನೂರು ಮೀಟರ್ ಓಡಿಸಿ, ಇಳಿಜಾರು ಬರುವ ಮೊದಲೇ ಡ್ರಮ್ ಒಣಗಲಿ.

ಓಡಿಸಲು ಶುರುಮಾಡುವಾಗ

ಮೊದಲ ದಿನ ನಿಂತಲ್ಲೇ ಮೂರು ಸಲ ಕಾಯಿಸಿ ಪೂರ್ತಿ ತಣಿಸಿ, ಪ್ರತಿ ಸಲ ಐದು ನಿಮಿಷ. ತಣ್ಣಗಾದ ಮೇಲೆ ಹೆಡ್ ನಟ್ಟುಗಳನ್ನು ಅಡ್ಡಡ್ಡಕ್ಕೆ ಮತ್ತೊಮ್ಮೆ ಬಿಗಿಯಿರಿ, 8 ಮಿ.ಮೀ. ಸ್ಟಡ್‌ಗಳಿಗೆ 22ರಿಂದ 25 ನ್ಯೂಟನ್ ಮೀಟರ್. 500 ಕಿ.ಮೀ. ಆಗುವವರೆಗೆ ಅರ್ಧ ಆಕ್ಸಿಲೇಟರ್ ದಾಟಬೇಡಿ. ಏರಿನಲ್ಲಿ ದೊಡ್ಡ ಗೇರಿನಲ್ಲಿ ಗುರುಗುಟ್ಟಿಸುವುದೂ ಅಷ್ಟೇ ಕೆಟ್ಟದ್ದು, ಗೇರ್ ಇಳಿಸಿ ಸರಾಗ ಓಡಲಿ.

ತಾಲೂಕಿನ ಗುಡ್ಡಗಳಲ್ಲಿ ಎಲ್ಲ ಜೀಪ್ ದಾರಿಯೂ ಊರಿನವರ ದಾರಿಯಲ್ಲ. ಪುಷ್ಪಗಿರಿ ವನ್ಯಧಾಮದ ಗಡಿ ಎಲ್ಲಿಂದ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡು, ಅದರ ಹೊರಗೇ ಗಾಡಿ ಓಡಿಸಿ.

ಮಳೆಯಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವಾಗ ಟ್ಯಾಪ್ ಮುಚ್ಚಿ ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಬಟ್ಟಲಿನ ಅಡಿಯ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಇಳಿಸಿ. ಎಥನಾಲ್ ಗಾಳಿಯ ತೇವ ಹೀರಿಕೊಂಡು ಬಟ್ಟಲಿನ ತಳದಲ್ಲಿ ನೀರಾಗಿ ಕೂರುತ್ತದೆ. ಪೈಲಟ್ ಜೆಟ್ಟಿನ ಕೂದಲೆಳೆಯಷ್ಟು ತೂತು ಹಸಿರು ಕಿಲುಬಿನಿಂದ ಮುಚ್ಚುವುದು ಹೀಗೆಯೇ. ಹಾಗೆ ಮುಚ್ಚಿದ್ದರೆ ತಂತಿ ಚುಚ್ಚಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಪಂಪಿನ ಗಾಳಿ ಬಿಡಿ, ಬೆಳಕಿಗೆ ಹಿಡಿದಾಗ ದುಂಡಗಿನ ಚುಕ್ಕೆ ಕಂಡರೆ ಸರಿಹೋಯಿತು.